ಸೀಬರ್ಡ್ ಮೇಲೆ ಹಾರಿದ ಸೀಬರ್ಡ್

ಅಮ್ಮನಿಗೆ ಸಹಸ್ರ ಚಂದ್ರದರ್ಶನದ ಶಾಂತಿ ಮಾಡಿಸಿದ ಮರುದಿನ ನ್ಯೂಜೆರ್ಸಿಯಿಂದ ಬಂದಿದ್ದ ನಮ್ಮ ಭಾವನವರು, ಸಾವಿರ ಚಂದ್ರರನ್ನು ಕೆಳಗಿನಿಂದ ನೋಡಿದ ಅತ್ತೆಯವರಿಗೆ ಒಂದು ಕಡಲನ್ನಾದರೂ ಮೇಲಿನಿಂದ ತೋರಿಸದಿದ್ದರೆ ನಾವೆಲ್ಲ ಇದ್ದು ಏನು ಬಂತು ಎಂದು ಕೇಳಿದರು. ಅಂಕೋಲೆಯ ಕಡೆ ಹುಟ್ಟಿ ಹುಬ್ಬಳ್ಳಿಗೆ ಸೊಸೆಯಾಗಿ ಬಂದ ಅಮ್ಮ, ಕಡಲನ್ನು ಈಗ ಮೇಲಿನಿಂದ ನೋಡುವುದರಲ್ಲಿ ಹೆಚ್ಚೇನು ಸಿಗುತ್ತದೆ ಎಂಬ ಪ್ರಶ್ನೆಯನ್ನು ಎತ್ತಿದಳಾದರೂ ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಭಾವನವರಿಗೆ ಅಲ್ಲಿ ಪುಟ್ಟ ವಿಮಾನ ಓಡಿಸುವ ಲೈಸೆನ್ಸ್ ಇದೆ. ಭಾನುವಾರ ಮನಸ್ಸು ಬಂದರೆ ಹಡ್ಸನ್ ನದಿಯ ಮೇಲೆ 1,300 ಅಡಿಯೊಳಗೆ, ರೇಡಿಯೋದಲ್ಲಿ ತಾವು ಎಲ್ಲಿದ್ದೇವೆ ಎಂದು ತಾವೇ ಹೇಳಿಕೊಳ್ಳುತ್ತ, ಸ್ವಾತಂತ್ರ್ಯ ದೇವತೆಗೆ ಒಂದು ಸುತ್ತು ಪ್ರದಕ್ಷಿಣೆ ಬಂದು ಮಧ್ಯಾಹ್ನದ ಊಟಕ್ಕೆ ಮನೆ ಸೇರುವವರು ಅವರು. ಹೀಗಾಗಿ ಮಂಗಳೂರಿನಿಂದ ಗೋವಾದವರೆಗೆ ಕಡಲಂಚಿನಲ್ಲಿ ಬಾಡಿಗೆ ಹೆಲಿಕಾಪ್ಟರ್ ಹಾರಿಸುವುದು ಅವರ ಪಾಲಿಗೆ ಒಂದು ಟ್ಯಾಕ್ಸಿ ಮಾತನಾಡಿಸಿದಷ್ಟೇ ಸಲೀಸಾಗಿ ಕಂಡದ್ದರಲ್ಲಿ ಆಶ್ಚರ್ಯವೇನಿರಲಿಲ್ಲ.

ಯೋಜನೆಯೇನೋ ಚಂದವಿತ್ತು. ಮಲ್ಪೆ ದಾಟಿ, ಒಂದು ಬದಿಗೆ ಕಡಲು ಇನ್ನೊಂದು ಬದಿಗೆ ಸೌಪರ್ಣಿಕೆ ಇಟ್ಟುಕೊಂಡು ಓಡುವ ಮರವಂತೆಯ ಹೆದ್ದಾರಿಯನ್ನು ನೋಡಿ, ಮುರುಡೇಶ್ವರದ ಶಿವನಿಗೆ ಆಕಾಶದಿಂದಲೇ ಕೈಮುಗಿದು, ನೇತ್ರಾಣಿ ದ್ವೀಪಕ್ಕೊಂದು ಸುತ್ತು ಹಾಕಿ, ಗೋಕರ್ಣದ ಓಂ ಬೀಚಿನ ಓಂಕಾರವನ್ನು ಅದು ನಿಜವಾಗಿ ಕಾಣುವ ಜಾಗದಿಂದಲೇ ಕಂಡು, ಕಾಳಿ ನದಿ ಸಮುದ್ರ ಸೇರುವಲ್ಲಿ ಅಮ್ಮನ ಒಂದು ಫೋಟೋ ತೆಗೆಯುವುದು ಎಂದು ತೀರ್ಮಾನವಾಯಿತು.

ಬಾಡಿಗೆ ಕಂಪನಿಯವರು ಮಾತುಕತೆಗೆ ಕಳಿಸಿದ ಕ್ಯಾಪ್ಟನ್ ಸೇನೆಯಲ್ಲಿ ಹಾರಾಡಿ ನಿವೃತ್ತರಾದವರು, ಮಿತಭಾಷಿ. ಅವರು ಭೂಪಟ ಬಿಡಿಸಿ, ನಮ್ಮ ದೇಶದ ಆಕಾಶದಲ್ಲಿ ಸಾಮಾನ್ಯರು ಎಚ್ಚರದಿಂದಿರಬೇಕಾದ ಜಾಗಗಳು ಮೂರು ಬಗೆಯವು ಎಂದು ಶುರುಮಾಡಿದರು. ನಿಷಿದ್ಧ ಪ್ರದೇಶಕ್ಕೆ ಹೋಗುವಂತೆಯೇ ಇಲ್ಲ, ನಿರ್ಬಂಧಿತ ಪ್ರದೇಶಕ್ಕೆ ಕೇಳಿ ಹೋಗಬಹುದು, ಅಪಾಯದ ಪ್ರದೇಶಕ್ಕೆ ಹೋದರೆ ಹೋದವರ ಹಣೆಬರಹ. ನಮ್ಮ ಅಜ್ಜಿಯ ಅಡುಗೆಮನೆಯಲ್ಲಿ ಮಡಿ, ಅರೆಮಡಿ, ಮೈಲಿಗೆ ಎಂದು ಗೆರೆ ಎಳೆದಿದ್ದ ಕ್ರಮ ಇದೇ ಆದ್ದರಿಂದ ನನಗೆ ತಕ್ಷಣ ಅರ್ಥವಾಯಿತು. ಭಾವನವರು ಮಾತ್ರ ಕೇಳುವುದಾದರೆ ಯಾರನ್ನು ಕೇಳಬೇಕು ಎಂಬ ಅಮೆರಿಕದ ಪ್ರಶ್ನೆ ಎತ್ತಿದರು.

ಆ ಪ್ರಶ್ನೆಗೆ ಉತ್ತರ ಪೂರ್ತಿಯಾಗಲು ಎರಡು ಸುತ್ತಿನ ಚಹಾ ಬೇಕಾಯಿತು. ಹಾರುವ ಮೊದಲು ಹಾರಾಟದ ಯೋಜನೆ ಸಲ್ಲಿಸಬೇಕು. ಅದಕ್ಕೆ ಹಾರಾಟ ಮಾಹಿತಿ ಕೇಂದ್ರದಿಂದ ಎಫ್‌ಐಸಿ ಸಂಖ್ಯೆ ಬರಬೇಕು. ವಾಯುರಕ್ಷಣೆಯವರಿಂದ ಎಡಿಸಿ ಸಂಖ್ಯೆ, ಅಂದರೆ ಹಾರಲು ಅವರ ಒಪ್ಪಿಗೆ, ಬರಬೇಕು. ಎರಡೂ ಕೈಗೆ ಬಂದ ಮೇಲೂ ಪೈಲಟ್‌ಗಳಿಗೆಂದು ಹೊರಡಿಸುವ ನೋಟಾಮ್ ಎಂಬ ಪ್ರಕಟಣೆಗಳನ್ನು ಓದಿ, ಇವತ್ತು ಎಲ್ಲಿ ಗುಂಡು ಹಾರಿಸುತ್ತಾರೆ, ಯಾವ ಎತ್ತರದವರೆಗೆ ಹಾರಿಸುತ್ತಾರೆ ಎಂದು ತಿಳಿದುಕೊಳ್ಳಬೇಕು. ಈ ನೋಟಾಮ್ ಎಂಬುದನ್ನು ನಾನು ಓದಲು ಪ್ರಯತ್ನಿಸಿದೆ. ಅದು ಸ್ವರಾಕ್ಷರಗಳಿಗೆಲ್ಲ ಸಾಮೂಹಿಕ ರಜೆ ಕೊಟ್ಟ ಇಂಗ್ಲಿಷು, ಗಡಿಯಾರ ಗ್ರೀನಿಚ್ಚಿನದು. ಪಂಚಾಂಗ ಹಿಡಿದು ರಾಹುಕಾಲ ಎಣಿಸಿದಂತೆ ಪ್ರತಿ ಸಾಲಿಗೂ ಐದೂವರೆ ಗಂಟೆ ಕೂಡಿಸುತ್ತ ಹೋದರೆ, ನಾವು ಹೊರಡಬೇಕೆಂದಿದ್ದ ಮುಹೂರ್ತ ಯಾರದೋ ಅಭ್ಯಾಸದ ಹೊತ್ತಿನೊಳಗೆ ಬಿದ್ದಿರುವುದು ಗೊತ್ತಾಗುತ್ತದೆ. ಕಣ್ಣಿನ ಆಸರೆಯಲ್ಲಿ ಹಾರುವವರು ಕತ್ತಲಾಗುವುದರೊಳಗೆ ಇಳಿದಿರಬೇಕೆಂಬ ನಿಯಮವೂ ಇರುವುದರಿಂದ, ಅಮ್ಮ ಕೇಳಿಕೊಂಡಿದ್ದ ಒಂದೇ ಒಂದು ಸಂಗತಿ, ಅಂದರೆ ಬೆಳದಿಂಗಳಲ್ಲಿ ಕಡಲು ನೋಡುವುದು, ಮೊದಲ ಬೈಠಕ್ಕಿನಲ್ಲೇ ಬಿದ್ದುಹೋಯಿತು. ಸಾವಿರದೊಂದನೆಯ ಚಂದ್ರನಿಗೆ ಎಡಿಸಿ ಸಿಗಲಿಲ್ಲ.

ಆಮೇಲೆ ಕ್ಯಾಪ್ಟನ್ ಪೆನ್ಸಿಲ್ ಹಿಡಿದರು. ನೇತ್ರಾಣಿಯನ್ನು ನೌಕಾಪಡೆ ಬಹುಕಾಲ ಗುರಿ ಅಭ್ಯಾಸಕ್ಕೆ ಬಳಸಿಕೊಂಡಿದೆ, ಆದ್ದರಿಂದ ಅದರಿಂದ ದೂರವಿರೋಣ ಎಂದರು. ಅದೇ ನೇತ್ರಾಣಿಯ ನೀರಿನಲ್ಲಿ ಮುರುಡೇಶ್ವರದಿಂದ ದೋಣಿಯಲ್ಲಿ ಹೋದ ಪ್ರವಾಸಿಗರು ಸ್ಕೂಬಾ ಮುಳುಗು ಹಾಕಿ ಬಣ್ಣದ ಮೀನುಗಳ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಾರೆ ಎಂದು ನಾನು ನೆನಪಿಸಿದಾಗ, ಅದು ನೀರಿನೊಳಗೆ, ನಮ್ಮದು ಗಾಳಿಯೊಳಗೆ ಎಂದು ಅವರು ಗಂಭೀರವಾಗಿ ವ್ಯತ್ಯಾಸ ವಿವರಿಸಿದರು. ಮುಂದೆ ಕಾರವಾರದ ದಕ್ಷಿಣಕ್ಕೆ ನೌಕಾನೆಲೆ ಐಎನ್‌ಎಸ್ ಕದಂಬ, ಊರವರ ಬಾಯಲ್ಲಿ ಸೀಬರ್ಡ್. ಅದನ್ನು ತಪ್ಪಿಸಲು ಪಶ್ಚಿಮಕ್ಕೆ ಸರಿದರೆ ಯುದ್ಧನೌಕೆಗಳ ಓಡಾಟ, ಪೂರ್ವಕ್ಕೆ ಸರಿದರೆ ಕಾಳಿ ತೀರದಲ್ಲಿ ಕೈಗಾ ಅಣುಸ್ಥಾವರ. ಕದಂಬರಿಗೂ ಕೈಗಾಕ್ಕೂ ನಡುವೆ ನುಸುಳುವ ಸಾಹಸ ತಮಗೆ ಬೇಡವೆಂದು ಕ್ಯಾಪ್ಟನ್ ಹೇಳಿದರು. ಗೋವಾದಲ್ಲಿ ದಾಬೋಲಿಂ ನಿಲ್ದಾಣವೋ, 1962ರಿಂದ ನೌಕಾಪಡೆಯ ಮನೆ. ನಾಗರಿಕ ವಿಮಾನಗಳು ಅಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಬಾಡಿಗೆದಾರರ ಹಾಗೆ ಯಜಮಾನರ ಹೊತ್ತುಗೊತ್ತು ನೋಡಿಕೊಂಡು ಇಳಿಯುತ್ತಿವೆ. ಹೀಗೆ ಒಂದೊಂದೇ ಗೆರೆ ಬಾಗುತ್ತ ಬಾಗುತ್ತ, ಸಂಜೆಯ ಹೊತ್ತಿಗೆ ನಮ್ಮ ಕರಾವಳಿ ದರ್ಶನದ ಹಾದಿ ಭಟ್ಕಳದಲ್ಲಿ ಘಟ್ಟ ಹತ್ತಿ, ಶಿರಸಿಯ ಮೇಲೆ ಹಾದು, ಹುಬ್ಬಳ್ಳಿಯಲ್ಲಿ ಸರಿಯಾಗಿ ನಮ್ಮ ಮನೆಯ ಟೆರೇಸಿನ ಮೇಲಿಂದ ಹೋಗಿ, ಬೆಳಗಾವಿ ಮಾರ್ಗವಾಗಿ ಗೋವಾದ ಇನ್ನೊಂದು ವಿಮಾನ ನಿಲ್ದಾಣವಾದ ಮೋಪಾ ಸೇರುವಂತಾಯಿತು. ಒಗೆದು ಹರವಿದ ನಮ್ಮದೇ ಸೀರೆ ಪಂಚೆಗಳನ್ನು ಅಮ್ಮ ಲಕ್ಷಗಟ್ಟಲೆ ಬಾಡಿಗೆ ಕೊಟ್ಟು ಆಕಾಶದಿಂದ ನೋಡಬಹುದಿತ್ತು.

ಡ್ರೋನ್ ಹಾರಿಸಿದರಾಯಿತು ಎಂದ ಅಕ್ಕನ ಮಗನಿಗೆ ಡ್ರೋನ್ ಭೂಪಟದ ಕೆಂಪು, ಹಳದಿ, ಹಸಿರು ವಲಯಗಳನ್ನು ತೆರೆದು ತೋರಿಸಲಾಯಿತು. ಕಾರವಾರದ ಮೇಲೆ ಕುಂಕುಮದ ಭರಣಿ ಮಗುಚಿದಂತಿತ್ತು, ಅವನು ಸುಮ್ಮನಾದ.

ಆದರೆ ಸುಮ್ಮನಾದವನು ಬೆರಳು ಸುಮ್ಮನಿಡಲಿಲ್ಲ. ಫೋನಿನಲ್ಲಿ ಉಪಗ್ರಹದ ಚಿತ್ರ ತೆರೆದು, ಅಜ್ಜಿ ಇಲ್ಲಿ ನೋಡು ಎಂದು, ನಾವು ದೂರದಿಂದ ಕೂಡ ನೋಡಬಾರದ ಜಾಗದ ಅಲೆತಡೆ ಗೋಡೆಗಳು, ಹಡಗುಕಟ್ಟೆಗಳು, ಕಟ್ಟೆಗೆ ಕಟ್ಟಿದ ಹಡಗುಗಳನ್ನು ಎರಡು ಬೆರಳಿನಿಂದ ಹಿಗ್ಗಿಸಿ ತೋರಿಸಿದ. ಇತಿಹಾಸದಲ್ಲಿ ಹಾಸ್ಯಪ್ರಜ್ಞೆ ಇದೆ ಎಂದು ನಂಬದವರು ಎರಡು ತಾರೀಕುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಕದಂಬ ನೆಲೆ ಸೇವೆಗೆ ಸೇರಿದ್ದು 2005ರ ಮೇ 31ರಂದು. ಗೂಗಲ್ ಅರ್ಥ್ ಜನರ ಕೈಗೆ ಬಂದದ್ದು ಅದೇ ವರ್ಷದ ಜೂನ್ 28ರಂದು. ಇಪ್ಪತ್ತೆಂಟೇ ದಿನಗಳ ಗುಟ್ಟು! ಅದೇ ಅಕ್ಟೋಬರಿನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಇದರ ಬಗ್ಗೆ ಆತಂಕ ವ್ಯಕ್ತಪಡಿಸಿದ್ದರು. ಉಪಗ್ರಹಗಳು ಎಡಿಸಿ ಸಂಖ್ಯೆ ಕೇಳುವ ಪದ್ಧತಿಯನ್ನು ಅಂದೂ ರೂಢಿಸಿಕೊಳ್ಳಲಿಲ್ಲ, ಇಂದೂ ಇಲ್ಲ.

ನಮ್ಮ ವ್ಯವಸ್ಥೆಯ ಕಣ್ಣು ಮಾತ್ರ ಸದಾ ಟಿಕೆಟ್ ಕೊಂಡವನ ಕಿಟಕಿಯ ಮೇಲೆಯೇ ಇರುತ್ತದೆ. 2025ರ ಮೇ ತಿಂಗಳಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ರಕ್ಷಣಾ ನೆಲೆಗಳ ನಿಲ್ದಾಣಗಳಲ್ಲಿ, ಅದರಲ್ಲೂ ಪಶ್ಚಿಮ ಗಡಿಗೆ ಹತ್ತಿರವಿರುವಲ್ಲಿ, ವಿಮಾನ 10,000 ಅಡಿ ಏರುವವರೆಗೆ ಪ್ರಯಾಣಿಕರು ಕಿಟಕಿಯ ಪರದೆ ಇಳಿಸಿರಬೇಕೆಂದು ಆದೇಶಿಸಿತು. ಸುರಕ್ಷತೆಯ ಕಾರಣಕ್ಕೆ ತುರ್ತು ನಿರ್ಗಮನದ ಸಾಲಿಗೆ ವಿನಾಯಿತಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುತ್ತಾರೆ. ಇಲ್ಲಿ ಹಾಲು ಕುಡಿಯದವರ ಕಣ್ಣನ್ನೆಲ್ಲ ಮುಚ್ಚಿಸಿ, ಒಂದು ಸಾಲನ್ನು ಬೆಕ್ಕಿಗಾಗಿ ತೆರೆದಿಟ್ಟಂತಾಯಿತು. ಕಾಲು ಚಾಚಲು ಜಾಗವಿರುವ ಆ ಸಾಲಿಗೆ ವಿಮಾನ ಕಂಪನಿಗಳು ಹೆಚ್ಚುವರಿ ಹಣ ಕೇಳುವುದರಿಂದ, ಶತ್ರುವಿನ ಗೂಢಚಾರರು ಜಿಪುಣರೇ ಆಗಿರುತ್ತಾರೆ ಎಂಬ ಭರವಸೆಯ ಮೇಲೆ ದೇಶದ ಭದ್ರತೆ ನಿಂತಿತ್ತೆಂದು ಕಾಣುತ್ತದೆ.

ಗುಟ್ಟು ಹೊರಗೆ ಹೋಗುವುದು ಯಾವ ದಾರಿಯಿಂದ ಎಂಬುದು ಪತ್ರಿಕೆ ಓದುವವರಿಗೆ ಗೊತ್ತು. 2025ರ ಫೆಬ್ರುವರಿಯಲ್ಲಿ ಕಾರವಾರ ನೆಲೆಯ ಮಾಹಿತಿಯನ್ನು ಹೊರಗೆ ದಾಟಿಸಿದ ಆರೋಪದ ಮೇಲೆ ರಾಷ್ಟ್ರೀಯ ತನಿಖಾ ದಳ ಉತ್ತರ ಕನ್ನಡದಲ್ಲಿ ಇಬ್ಬರನ್ನು ಬಂಧಿಸಿತು. ಆರೋಪದಲ್ಲಿ ಮೊಬೈಲ್ ಇತ್ತು, ಹೆಲಿಕಾಪ್ಟರ್ ಇರಲಿಲ್ಲ. ಅದೇ ಡಿಸೆಂಬರಿನಲ್ಲಿ ಬೆನ್ನಿಗೆ ಜಿಪಿಎಸ್ ಕಟ್ಟಿಕೊಂಡ ಒಂದು ಕಡಲಹಕ್ಕಿ ಕಾರವಾರದ ತೀರದಲ್ಲಿ ಸಿಕ್ಕಿಬಿದ್ದು, ಉಪಕರಣದ ಮೇಲೆ ಚೀನಾದ ವಿಜ್ಞಾನ ಸಂಸ್ಥೆಯೊಂದರ ಹೆಸರು ಕಂಡು, ಪೊಲೀಸರು, ಅರಣ್ಯ ಇಲಾಖೆಯವರು ಎಲ್ಲರೂ ಓಡಾಡಿದರು. ಸೀಬರ್ಡ್ ಎಂಬ ಹೆಸರಿನ ಯೋಜನೆಯ ನೆರೆಗೆ ಬಂದಿಳಿಯಲು ಸಾಕ್ಷಾತ್ ಸೀಬರ್ಡ್ ಒಂದಕ್ಕೆ ಯಾವ ಸಂಖ್ಯೆಯೂ ಬೇಕಾಗಲಿಲ್ಲ. ಹಾಗೆ ನೋಡಿದರೆ 1498ರಲ್ಲಿ ಎದುರಿನ ಅಂಜುದೀವ ದ್ವೀಪಕ್ಕೆ ಬಂದು ಹಡಗು ರಿಪೇರಿ ಮಾಡಿಕೊಂಡ ವಾಸ್ಕೋ ಡ ಗಾಮನನ್ನೂ ಯಾರೂ ಕೇಳಿರಲಿಲ್ಲ. ಕೇಳಬೇಕಾಗಿತ್ತು ಎಂದು ನನಗೆ ಅನ್ನಿಸುವುದು ಅವನ ವಿಷಯದಲ್ಲಿ ಮಾತ್ರ.

ವಿಮಾನವಾಹಕ ನೌಕೆ ನಿಲ್ಲುವ ನೆಲೆಯ ನೆತ್ತಿಯ ಮೇಲೆ ಯಾರ್ಯಾರೋ ಗಿರಕಿ ಹೊಡೆಯಲಿ ಎಂದು ನಾನು ಹೇಳುತ್ತಿಲ್ಲ. ಮುಚ್ಚಿದ ಬಾಗಿಲಿಗೆ ನನ್ನ ತಕರಾರಿಲ್ಲ. ಬಾಗಿಲು ಎಲ್ಲಿದೆ, ಯಾವಾಗ ಮುಚ್ಚಿರುತ್ತದೆ, ತಟ್ಟುವುದಾದರೆ ಯಾವ ಕಡೆ ತಟ್ಟಬೇಕು ಎಂಬುದನ್ನೇ ರಹಸ್ಯವಾಗಿಟ್ಟು, ತಟ್ಟಿದವನನ್ನೇ ಅನುಮಾನಿಸುವ ಕ್ರಮಕ್ಕೆ ಇದೆ. ಕೇಳಿದವನಿಗೆ ಹದಿನೆಂಟು ಪ್ರಶ್ನೆ, ಕೇಳದೆ ನೋಡಿದವನಿಗೆ ಬಣ್ಣದ ಚಿತ್ರ. ಈಗ ಅಂಕೋಲೆಯ ಅಲಗೇರಿಯಲ್ಲಿ ನೌಕಾಪಡೆಯ ವಾಯುನೆಲೆಗೆ ಅಂಟಿಕೊಂಡೇ ನಾಗರಿಕ ವಿಮಾನ ನಿಲ್ದಾಣ ಬರಲಿದೆಯಂತೆ. ಕರಾವಳಿಯ ಸೌಂದರ್ಯ ಸವಿಯಲು ಬರುವ ಪ್ರವಾಸಿಗರು ಪರದೆ ಇಳಿಸಿಕೊಂಡು ಅಲ್ಲಿ ಇಳಿಯಬಹುದು.

ಕೊನೆಗೆ ಮುಂಗಡ ಹಣ ಬಿಟ್ಟುಕೊಟ್ಟು, ಅಂಕೋಲೆಯಿಂದ ಕಾರವಾರಕ್ಕೆ ವಾಯವ್ಯ ಸಾರಿಗೆಯ ಕೆಂಪು ಬಸ್ ಹತ್ತಿದೆವು. ರಾಷ್ಟ್ರೀಯ ಹೆದ್ದಾರಿ 66 ನೌಕಾನೆಲೆಯ ಗೋಡೆಯ ಪಕ್ಕದಲ್ಲೇ ಓಡುತ್ತದೆ. ದಾರಿಯುದ್ದಕ್ಕೂ ಫೋಟೋ ತೆಗೆಯಬಾರದೆಂಬ ಫಲಕಗಳು. ಭಾವನವರು ನಿಯಮಪಾಲಕರಾದ್ದರಿಂದ ಫೋನನ್ನು ಜೇಬಿನೊಳಗಿಟ್ಟು ಕೈಕಟ್ಟಿ ಕುಳಿತರು. ಸೀಬರ್ಡಿಗೆಂದು ಊರು ಬಿಟ್ಟ ಹದಿಮೂರು ಹಳ್ಳಿಗಳ ನಿರಾಶ್ರಿತರಲ್ಲಿ ಒಬ್ಬರಾದ ಹಿರಿಯರು ಮುಂದಿನ ಸೀಟಿನಲ್ಲಿದ್ದು, ಅಮ್ಮ ಮಾತಿಗೆ ಸಿಕ್ಕಿದ್ದೇ ತಡ, ಗೋಡೆಯಾಚೆಗೆ ಬೆರಳು ತೋರಿಸುತ್ತ, ಅಲ್ಲಿ ನಮ್ಮ ಬಾವಿ ಇತ್ತು ತಂಗಿ, ಆ ತೆಂಗಿನ ಸಾಲು ನಮ್ಮ ದೊಡ್ಡಪ್ಪನದು, ಈಗ ಅದರಾಚೆ ದೊಡ್ಡ ಹಡಗು ನಿಲ್ಲುತ್ತದೆ ಎಂದು ಕಾರವಾರ ಬರುವವರೆಗೂ ಒಂದೊಂದಾಗಿ ವಿವರಿಸಿದರು. ಅಮ್ಮನಿಗೆ ಕಿಟಕಿಯ ಸೀಟು ಸಿಕ್ಕಿತ್ತು. ಪರದೆ ಇಳಿಸಿ ಎಂದು ಯಾರೂ ಹೇಳಲಿಲ್ಲ.