ಸೂರ್ಯ ಅಲ್ಲ, ಸೂಯ್ರ

ಪೇಪರಿನ ಒಳಪುಟದಲ್ಲಿ ಎರಡಿಂಚು ಸುದ್ದಿ. ನಿವೃತ್ತ ಪ್ರಾಧ್ಯಾಪಕರು ನಿಧನ. ಪತ್ನಿ, ಪುತ್ರಿ ಹಾಗೂ ಅಪಾರ ಶಿಷ್ಯವರ್ಗವನ್ನು ಅಗಲಿದ್ದಾರೆ ಎಂದಿತ್ತು. ಅಪಾರ ಶಿಷ್ಯವರ್ಗ ಎಂದು ಓದಿದಾಗ ಅಷ್ಟು ಬೇಸರದಲ್ಲೂ ನನಗೆ ಸಣ್ಣ ನಗು ಬಂತು. ಮಂಗಳೂರಿನಲ್ಲಿ ಬಿ.ಎಡ್. ಮಾಡುವಾಗ ಸರ್ ಕ್ಲಾಸಿಗೆ ನಾವು ಅರ್ಧಕ್ಕರ್ಧ ಜನ ಚಕ್ಕರ್. ಇದ್ದವರಲ್ಲೂ ಕಾಲುಭಾಗ ನಿದ್ದೆ. ನಿಜ ಹೇಳಬೇಕೆಂದರೆ ಸರ್ ಪಾಠ ಸಪ್ಪೆ. ಸಣ್ಣ ದನಿ, ಬೋರ್ಡಿನ ಕಡೆ ಮುಖ ಮಾಡಿ ಮಾತಾಡುವ ಅಭ್ಯಾಸ, ಮೇಲಿಂದ ಮುಂಗೋಪ. ಈಗ ಎಲ್ಲರೂ ವಾಟ್ಸ್ಯಾಪ್ ಗ್ರೂಪಿನಲ್ಲಿ ‘ಮೇರು ವ್ಯಕ್ತಿತ್ವ’ ಎಂದು ಹಾಕುತ್ತಿದ್ದಾರೆ. ಹಾಗೆಲ್ಲ ಕರೆದರೆ ಅವರಿಗೆ ಸಿಟ್ಟೇ ಬರುತ್ತಿತ್ತು. ಹೆಸರು ಹಾಕಿದರೂ ಬರುತ್ತಿತ್ತು, ಹಾಗಾಗಿ ಹಾಕುವುದಿಲ್ಲ.

ಅವರು ಏನು ಎಂದು ನನಗೆ ಗೊತ್ತಾದದ್ದು ಕ್ಲಾಸಿನಲ್ಲಿ ಅಲ್ಲ. ಎಷ್ಟೋ ವರ್ಷಗಳ ನಂತರ, 2012ರ ಮಳೆಗಾಲದಲ್ಲಿ. ಉಡುಪಿಯಿಂದ ಒಳಗೆ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಕನ್ನಡ ಟೀಚರ್. ಎಂಟನೇ ಕ್ಲಾಸಿಗೆ ಒಬ್ಬ ಹುಡುಗ ಬಂದಿದ್ದ. ಬಾಯಿಬಿಟ್ಟರೆ ಯಕ್ಷಗಾನದ ಮಾತು, ಪ್ರಸಂಗಕ್ಕೆ ಪ್ರಸಂಗವೇ ಬಾಯಿಪಾಠ. ಪುಸ್ತಕ ಕೊಟ್ಟರೆ ಮಾತ್ರ ಹೊಟ್ಟೆನೋವು, ತಲೆನೋವು, ಸರ್ರನೆ ಮೂತ್ರಕ್ಕೆ. ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಓದುವಾಗ ಅವನ ತುಟಿಯೂ ಆಡುತ್ತಿತ್ತು, ಹಾಗಾಗಿ ಎರಡು ತಿಂಗಳು ನನಗೆ ತಿಳಿಯಲೇ ಇಲ್ಲ. ತಿಳಿದ ಮೇಲೆ ನಾನು ಮಾಡಿದ್ದೇನು? ಚೆನ್ನಾಗಿ ಬೈದೆ. ಅವನ ಪ್ರಗತಿಪತ್ರದಲ್ಲಿ ‘ಓದಿನಲ್ಲಿ ಆಸಕ್ತಿ ಇಲ್ಲ’ ಎಂದು ಬರೆದು ಸಹಿ ಹಾಕಿದೆ.

ಬೇರೆ ಏನೋ ಕೆಲಸಕ್ಕೆ ಸರ್‌ಗೆ ಫೋನ್ ಮಾಡಿದ್ದೆ, ಮಾತಿನ ನಡುವೆ ಈ ಹುಡುಗನ ವಿಷಯ ಬಂತು. ಮುಂದಿನ ವಾರ ನೋಡಿದರೆ ಸ್ಕೂಲಿನ ಗೇಟಿನಲ್ಲಿ ಒದ್ದೆ ಕೊಡೆ ಮಡಚುತ್ತಾ ನಿಂತಿದ್ದಾರೆ. ಎರಡು ಬಸ್ ಬದಲಾಯಿಸಿ ಬಂದಿದ್ದರು. ಆಗಲೇ ರಿಟೈರ್ ಆಗಿ ಸುಮಾರು ವರ್ಷ.

ಹುಡುಗನನ್ನು ಎದುರಿಗೆ ಕೂರಿಸಲಿಲ್ಲ. ‘ಬಲ ಮಗ, ಕುಲ್ಲು’ ಎಂದು ತುಳುವಿನಲ್ಲಿ ಕರೆದು ಬೆಂಚಿನಲ್ಲಿ ಪಕ್ಕದಲ್ಲೇ ಕೂರಿಸಿಕೊಂಡರು. ಜೋಳಿಗೆಯಿಂದ ಒಂದು ಯಕ್ಷಗಾನದ ಕರಪತ್ರ ತೆಗೆದರು. ಹುಡುಗ ಮೇಳದ ಹೆಸರು, ಪ್ರಸಂಗದ ಹೆಸರು ಪಟಪಟ ಹೇಳಿದ. ನನಗೆ ಆಶ್ಚರ್ಯ. ಸರ್ ತಲೆ ಅಲ್ಲಾಡಿಸಿ, ‘ಇದು ಓದಿದ್ದಲ್ಲ, ಗುರುತು ಹಿಡಿದದ್ದು’ ಎಂದು ನನಗೆ ಮೆಲ್ಲಗೆ ಹೇಳಿ, ಎರಡನೇ ಕ್ಲಾಸಿನ ಪುಸ್ತಕ ಬಿಡಿಸಿದರು. ಹುಡುಗ ಓದತೊಡಗಿದ. ಸರ್ ಕಣ್ಣು ಪುಸ್ತಕದ ಮೇಲೆ ಇರಲೇ ಇಲ್ಲ, ಹುಡುಗನ ಬಾಯಿಯ ಮೇಲೆ. ಮಡಿಲಲ್ಲಿ 200 ಪುಟದ ನೋಟ್‌ಪುಸ್ತಕ, ಕೈಯಲ್ಲಿ ಮೋಟು ಪೆನ್ಸಿಲ್. ಇಪ್ಪತ್ತು ನಿಮಿಷ. ಒಮ್ಮೆಯೂ ತಿದ್ದಲಿಲ್ಲ. ನನ್ನ ನಾಲಿಗೆಯ ತುದಿಗೆ ಸರಿಯುತ್ತರ ಬಂದು ಬಂದು ನಿಲ್ಲುತ್ತಿತ್ತು, ಅವರು ಕೈಸನ್ನೆಯಲ್ಲೇ ಸುಮ್ಮನಾಗಿಸಿದರು.

ಆಮೇಲೆ ನೋಟ್‌ಪುಸ್ತಕ ನನ್ನ ಕಡೆ ತಿರುಗಿಸಿದರು. ಪುಸ್ತಕದಲ್ಲಿ ‘ಹೂವು’ ಇದ್ದಲ್ಲಿ ಅವನು ‘ಹೂಮ’ ಎಂದಿದ್ದ. ‘ಸೂರ್ಯ’ ಇದ್ದಲ್ಲಿ ‘ಸೂಯ್ರ’.

‘ವ ಕೆಳಗೆ ಬಾಲ ಬಂದರೆ ವು, ಬಾಲ ಪಕ್ಕಕ್ಕೆ ಬಂದರೆ ಮ. ಅಷ್ಟೇ ವ್ಯತ್ಯಾಸ. ಅವನು ಬಾಲ ನೋಡಿದ್ದಾನೆ, ಎಲ್ಲಿ ಉಂಟು ಅಂತ ನೋಡಲಿಲ್ಲ. ಇನ್ನು ಈ ಸೂರ್ಯ. ಉಚ್ಚಾರದಲ್ಲಿ ರ ಮೊದಲು, ಯ ಆಮೇಲೆ. ಬರೆಯುವಾಗ ನಾವು ಯ ಮೊದಲು ಬರೆದು ಅದರ ಬಲಕ್ಕೆ ಅರ್ಕಾವತ್ತು ಹಾಕ್ತೇವೆ. ಇವನು ಕಣ್ಣಿಗೆ ಕಂಡ ಕ್ರಮದಲ್ಲೇ ಓದಿದ್ದಾನೆ. ನಿಯತ್ತಾಗಿ ಓದಿದ್ದಾನೆ ಮಾರಾಯ್ತಿ! ಅರ್ಕಾವತ್ತು ಅಂತ ಒಂದು ಉಂಟು ಅಂತ ಇವನಿಗೆ ಯಾರೂ ಹೇಳಿಯೇ ಇಲ್ಲ.’ ಸ್ವಲ್ಪ ತಡೆದು ಕೇಳಿದರು, ‘ಆಸಕ್ತಿ ಇಲ್ಲ ಅಂತ ಬರೆದದ್ದು ಯಾರು ಟೀಚರ್?’

ನಾನೇ ಎಂದೆ. ಅವರು ಏನೂ ಹೇಳದೆ ಚಾ ಕುಡಿದರು.

ನಮ್ಮ ಊರಿನಲ್ಲಿ ‘ಓದು’ ಎಂಬ ಪದಕ್ಕೇ ಗ್ರಹಚಾರ ಹಿಡಿದಿದೆ ಎಂದು ಸರ್ ಹೇಳುತ್ತಿದ್ದರು. ‘ಓದ್ಲಿಕ್ಕೆ ಕೂತ್ಕೋ’ ಎಂದು ಮಕ್ಕಳಿಗೆ ಹೇಳಿದರೆ ಅರ್ಥ, ಪ್ರಶ್ನೋತ್ತರ ಬಾಯಿಪಾಠ ಮಾಡು ಎಂದು. ‘ಚೆನ್ನಾಗಿ ಓದ್ತಾನೆ’ ಎಂದರೆ ಮಾರ್ಕು ಬರುತ್ತದೆ ಎಂದು. ಅಕ್ಷರ ನೋಡಿ ಅರ್ಥ ಹಿಡಿಯುವ ಆ ಕೆಲಸಕ್ಕೆ ಬೇರೆ ಹೆಸರೇ ಉಳಿದಿಲ್ಲ, ಹಾಗಾಗಿ ಅದು ಇಲ್ಲದಿದ್ದರೂ ಗೊತ್ತಾಗುವುದಿಲ್ಲ. ನಾವು ಕರಾವಳಿಯವರಿಗೆ ರಿಸಲ್ಟಿನ ಜಂಬ ಬೇರೆ. ಎಸ್‌ಎಸ್‌ಎಲ್‌ಸಿಯಲ್ಲಿ 2024ಕ್ಕೆ ಉಡುಪಿ ಫಸ್ಟ್, ದಕ್ಷಿಣ ಕನ್ನಡ ಸೆಕೆಂಡ್, 2025ಕ್ಕೆ ಅದಲುಬದಲು. ಸಂತೋಷವೇ. ನಾನೂ ಸ್ಟೇಟಸ್ ಹಾಕಿದವಳೇ. ಆದರೆ ಆ ಶೇಕಡಾವಾರಿನ ಹೊರಗೆ ಉಳಿದ ಮಕ್ಕಳ ಪಕ್ಕ ಕೂತು ಒಂದು ಪುಟ ಓದಿಸಿ ಕೇಳಿದವರು ಎಷ್ಟು ಜನ?

ಅಸರ್ ಸರ್ವೆಯ ಬಗ್ಗೆ ಸರ್‌ಗೆ ಇದ್ದ ಗೌರವ ಇದೇ ಕಾರಣಕ್ಕೆ. 2005ರಲ್ಲಿ ಶುರುವಾದ ಆ ಸರ್ವೆಯಲ್ಲಿ ಹಳ್ಳಿಯ ಮನೆಗೆ ಹೋಗಿ, ಒಂದೊಂದೇ ಮಗುವಿನ ಕೈಗೆ ಹಾಳೆ ಕೊಟ್ಟು ಅಕ್ಷರ, ಪದ, ವಾಕ್ಯವೃಂದ, ಕತೆ ಎಂದು ಓದಿಸಿ ಕೇಳುತ್ತಾರೆ. 2022ರಲ್ಲಿ ದೇಶದ ಹಳ್ಳಿಗಳ ಮೂರನೇ ಕ್ಲಾಸಿನ ಮಕ್ಕಳಲ್ಲಿ ಎರಡನೇ ಕ್ಲಾಸಿನ ಪಠ್ಯ ಓದಿದವರು ಶೇ. 20.5 ಮಾತ್ರ. ಕೊರೋನಾದ ಏಟು ಅದರಲ್ಲಿ ಇತ್ತು, ಹೌದು. ಆದರೆ ಅದಕ್ಕೂ ಮುಂಚೆ 2018ರಲ್ಲಿ ಇದ್ದದ್ದೂ ಶೇ. 27ರ ಆಸುಪಾಸು.

ಅವರ ಇನ್ನೊಂದು ಜಗಳ ನಲಿಕಲಿಯನ್ನು ಹೀಯಾಳಿಸುವವರ ಜತೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳಿಗೆ ಆಡಿಸುತ್ತಾ ಕಲಿಸುವ ಪದ್ಧತಿ ಅದು. ಅಕ್ಷರ ಶುರುವಾಗುವುದು ರ, ಗ, ಸ, ದ, ಅ ಎಂಬ ಕ್ರಮದಲ್ಲಿ. ‘ಅ ಆ ಇ ಈ ಬಿಟ್ಟು ಎಂತದ್ದು ಇದು ರ ಗ ಸ ದ ಅ?’ ಎಂದು ಮದುವೆ ಮನೆಯಲ್ಲಿ ಯಾರೋ ಕೇಳಿದ್ದಕ್ಕೆ ಸರ್ ಊಟದ ಎಲೆಯ ತುದಿಯಲ್ಲಿ ಬೆರಳಿನಲ್ಲೇ ಬರೆದು ತೋರಿಸಿದ್ದು ನನಗೆ ನೆನಪಿದೆ: ಸರ, ಅರಸ, ಅಗಸ, ಗರಗಸ. ಐದು ಅಕ್ಷರಕ್ಕೆ ಮಗು ಪದ ಓದುತ್ತದೆ. ಅ ಆ ಇ ಈಯಿಂದ ಹೊರಟರೆ ಋಷಿಯ ಗಡ್ಡ ದಾಟಿ ಅಃ ಮುಟ್ಟಿದರೂ ಓದಲಿಕ್ಕೆ ಒಂದು ಪದ ಇಲ್ಲ. (ಆ, ಈ ಎರಡೂ ಪದವೇ ಅಲ್ವಾ ಸರ್ ಎಂದು ನಾನು ಮಧ್ಯೆ ಬಾಯಿ ಹಾಕಿದೆ. ‘ತಲೆಹರಟೆ’ ಎಂದರು. ಮರುದಿನ ಫೋನ್ ಮಾಡಿ, ನೀನು ಹೇಳಿದ್ದು ಸರಿ ಎಂದರು.)

ಅಮೆರಿಕದ ಪ್ರೊಫೆಸರ್ ಕೆನ್ ಗುಡ್‌ಮನ್ 1967ರಲ್ಲಿ ಬರೆದ ಒಂದು ಪ್ರಬಂಧದ ಜೆರಾಕ್ಸ್ ಸರ್ ಬಳಿ ಇತ್ತು, ಮಡಿಕೆಯಲ್ಲಿ ಹರಿದು ಟೇಪ್ ಹಚ್ಚಿದ್ದು. ಗುಡ್‌ಮನ್ 2020ರಲ್ಲಿ ತೀರಿಕೊಂಡರು. ಮಗು ಓದುವಾಗ ಎಡವಿದ್ದನ್ನು ತಪ್ಪು ಎನ್ನಬೇಡಿ, ಅದರ ತಲೆಯಲ್ಲಿ ಏನು ನಡೆಯುತ್ತಿದೆ ಎಂಬುದರ ಸುಳಿವು ಅದು ಎಂದವರು ಅವರು. ಆ ಮಾತು ಸರ್‌ಗೆ ವೇದ. ಕುಂದಾಪುರದ ಕಡೆಯ ಮಗು ‘ಹೋಗುತ್ತೇನೆ’ ಎಂದು ಅಚ್ಚಾದದ್ದನ್ನು ‘ಹೋತೆ’ ಎಂದು ಓದಿದರೆ ಸರ್ ಪೆನ್ಸಿಲ್ ಅಲ್ಲಾಡುತ್ತಲೇ ಇರಲಿಲ್ಲ. ಅರ್ಥ ಹಿಡಿದು ತನ್ನ ಮಾತಿನಲ್ಲಿ ಹೇಳಿದೆ, ಇನ್ನೇನು ಬೇಕು ಎನ್ನುತ್ತಿದ್ದರು. ಆದರೆ ಅದೇ ಪ್ರಬಂಧದಲ್ಲಿ ಓದು ಎಂದರೆ ಒಂದು ಊಹೆಯ ಆಟ ಎಂಬ ವಾದ ಬರುತ್ತದಲ್ಲ, ಅಲ್ಲಿ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದಿದ್ದರು. ಊಹಿಸುವುದು ಓದಲು ಬಾರದವನ ಉಪಾಯ, ಬರುವವನು ಅಕ್ಷರ ನೋಡುತ್ತಾನೆ ಎಂಬುದು ಅವರ ವಾದ. ಮುಂದೆ ನಡೆದ ಸಂಶೋಧನೆಗಳೂ ಇದನ್ನೇ ಹೇಳಿದವು. ಕನ್ನಡದಲ್ಲಂತೂ 34 ವ್ಯಂಜನಕ್ಕೆ ಕಾಗುಣಿತ ಸೇರಿದರೆ 400ಕ್ಕೂ ಹೆಚ್ಚು ರೂಪ, ಮೇಲಿಂದ ಒತ್ತಕ್ಷರ. ಕ, ಗಗಳ ಒತ್ತು ಕಂಡರೆ ಮೂಲ ಅಕ್ಷರದ ಗುರುತಾದರೂ ಸಿಗುತ್ತದೆ. ತ, ನ, ಮ, ಯ, ರ, ಲ ಒತ್ತುಗಳಿಗೆ ಮೂಲದ ಮುಖಚಹರೆಯೇ ಇಲ್ಲ. ಇದೆಲ್ಲ ಒಂದನೇ ಕ್ಲಾಸಿನಲ್ಲಿ ಮುಗಿಯಿತು ಎಂದು ನಾವು ಸುಳ್ಳೇ ನಂಬಿಕೊಂಡಿದ್ದೇವೆ. ನಾಲ್ಕು, ಐದನೇ ಕ್ಲಾಸಿನವರೆಗೂ ಕಲಿಕೆ ನಡೆದೇ ಇರುತ್ತದೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುವ ನಮ್ಮ ಮಕ್ಕಳಿಗೆ ಅಕ್ಷರದ ಜತೆ ಭಾಷೆಯೂ ಹೊಸದು.

ಆ ಹುಡುಗನಿಗೆ ದಿನಾ ಪ್ರಾರ್ಥನೆಯ ಬೆಲ್ಲಿಗೆ ಮುಂಚೆ ಹದಿನೈದು ನಿಮಿಷ. ಸರ್ ಹೇಳಿದ ಲೆಕ್ಕ ಅಷ್ಟೇ. ಅವನ ಅಮ್ಮ ಕಟ್ಟಿದ ಬೀಡಿಯ ಪಾಸ್‌ಪುಸ್ತಕ, ಕಟಪಾಡಿ, ಶಿರ್ವ ಎಂದು ಬರೆದ ಬಸ್ ಬೋರ್ಡು, ಮೇಳದ ಕರಪತ್ರ, ಎಲ್ಲವೂ ಪಾಠವಾಯಿತು. ಕ್ರಿಸ್‌ಮಸ್ ರಜೆಯ ಹೊತ್ತಿಗೆ ಬೆರಳಿಟ್ಟು ಓದುವಷ್ಟಾದ. ಪವಾಡ ಏನೂ ಆಗಲಿಲ್ಲ. ಎಸ್‌ಎಸ್‌ಎಲ್‌ಸಿ ಪಾಸಾದ, ಗಣಿತದಲ್ಲಿ ಸರಿಯಾಗಿ 35. ಈಗ ಸ್ವಂತ ಟೆಂಪೊ ಇದೆ. ಸರ್ ತೀರಿಕೊಂಡ ಸುದ್ದಿ ನನಗೆ ಮೊದಲು ತಲುಪಿಸಿದ್ದು ಅವನೇ, ವಾಯ್ಸ್ ಮೆಸೇಜಿನಲ್ಲಿ. ಟೈಪ್ ಮಾಡುವುದೆಂದರೆ ಅವನಿಗೆ ಈಗಲೂ ಉದಾಸೀನ.

ಸರ್ ಒಂದು ಪುಸ್ತಕ ಬರೆಯುತ್ತೇನೆ ಎಂದು ಇಪ್ಪತ್ತು ವರ್ಷ ಹೇಳಿದರು, ಬರೆಯಲಿಲ್ಲ. ಇರುವುದು ನೋಟ್‌ಪುಸ್ತಕಗಳು. ಅವರ ಮಗಳು ಮೊನ್ನೆ ಎರಡು ರಟ್ಟಿನ ಪೆಟ್ಟಿಗೆ ತಂದು ಮನೆಯಲ್ಲಿ ಇಟ್ಟು ಹೋದರು. ಎಣಿಸಿದೆ, 41. ಪ್ರತಿ ಪುಟಕ್ಕೆ ಒಂದು ಮಗು: ತಾರೀಕು, ಮನೆಮಾತು, ಅಚ್ಚಾದ ಪದ, ಮಗು ಓದಿದ ಪದ. ಮಾರ್ಕು ಎಲ್ಲೂ ಇಲ್ಲ. ಕೆಲವು ಪುಟಗಳಿಗೆ ಆಗಲೇ ಬೂಷ್ಟು ಹಿಡಿದಿದೆ, ಪೆನ್ಸಿಲ್ ಬೇರೆ ಮಾಸುತ್ತಿದೆ. ಮಳೆ ಹಿಡಿಯುವ ಮೊದಲು ಸ್ಕ್ಯಾನ್ ಮಾಡಿಸಬೇಕು. ಉಡುಪಿ, ಮಣಿಪಾಲದ ಕಡೆ ಒಳ್ಳೆಯ ಸ್ಕ್ಯಾನರ್ ಇದ್ದು, ನಾಲ್ಕು ಭಾನುವಾರ ಬಿಡುವು ಇರುವವರು ಇದ್ದರೆ ಇನ್‌ಬಾಕ್ಸಿಗೆ ಬನ್ನಿ. ಮಕ್ಕಳ ಹೆಸರು ಇರುವ ಕಡೆ ಮುಚ್ಚಿ ಸ್ಕ್ಯಾನ್ ಮಾಡಬೇಕು. ಚಾ, ನೀರುದೋಸೆ ನನ್ನ ಲೆಕ್ಕದಲ್ಲಿ.