ಸುಡಬ್ಯಾಡ್ರಿ, ಚಾವಿ ಹಾಕ್ರಿ

ಪುಸ್ತಕ ಸುಡಲು ಹೊರಟವರಿಗೆ ಮೊದಲೇ ಒಂದು ಕಿವಿಮಾತು. ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ಬೆಂಕಿ ಮುಂದೆ ನಿಂತು ಘೋಷಣೆ ಕೂಗುವುದು ಆರೋಗ್ಯಕ್ಕೆ ಒಳ್ಳೆಯದಲ್ಲ. ಖರ್ಚೂ ಜಾಸ್ತಿ. ಸುಡಬೇಕಾದರೆ ಪುಸ್ತಕ ಕೊಳ್ಳಬೇಕು, ಕೊಂಡರೆ ಲೇಖಕನಿಗೇ ಲಾಭ. ಮರುದಿನ ಪೇಪರಿನಲ್ಲಿ ಫೋಟೋ ಬಂದರೆ ಮುಗಿಯಿತು, ಎರಡನೇ ಮುದ್ರಣ.

ಸರ್ಕಾರದಿಂದಲೇ ನಿಷೇಧ ಮಾಡಿಸೋಣ ಅಂದರೆ ಅದೂ ತಂಟೆಯ ದಾರಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 98ನೇ ಕಲಂ, ಅಂದರೆ ಹಳೆಯ ಸಿಆರ್‌ಪಿಸಿಯ 95, ಪುಸ್ತಕ ಮುಟ್ಟುಗೋಲು ಹಾಕಲು ಅಧಿಕಾರ ಕೊಡುತ್ತದೆ, ನಿಜ. ಆದರೆ ಯಾಕೆ ಅಂತ ಆದೇಶದಲ್ಲಿ ಬರೆಯಬೇಕು. ರಾಜ್ಯಪತ್ರದಲ್ಲಿ ಪ್ರಕಟಿಸಬೇಕು. ಅಲ್ಲಿಂದ ಎರಡು ತಿಂಗಳೊಳಗೆ ಬಾಧಿತರು ಹೈಕೋರ್ಟಿಗೆ ಹೋಗಬಹುದು. ಅಲ್ಲಿ ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಕೂರುತ್ತದೆ. ಯಾರೂ ಓದಬಾರದು ಅಂತ ಹೊರಟವರು ಮೂರು ಹೊಸ ಓದುಗರನ್ನು ಹುಡುಕಿಕೊಟ್ಟ ಹಾಗಾಯಿತು.

ಇದಕ್ಕೆಲ್ಲ ಬದಲು ಊರಿನ ಗ್ರಂಥಾಲಯದಲ್ಲಿ ಒಂದು ಅಲ್ಮಾರಿ ಸಾಕು. ಕಬ್ಬಿಣದ್ದಿರಲಿ, ಬಾಗಿಲಿಗೆ ಗಾಜು ಇರದಿರಲಿ. ಯಾರೋ ತಕರಾರು ತೆಗೆದ ಪುಸ್ತಕವನ್ನು ‘ಪರಿಶೀಲನೆಗೆ’ ಅಂತ ಅದರೊಳಗಿಟ್ಟು ಚಾವಿ ತಿರುಗಿಸಿ. ಆದೇಶವೇ ಇಲ್ಲದ ಮೇಲೆ ಯಾವುದರ ವಿರುದ್ಧ ಕೋರ್ಟಿಗೆ ಹೋಗ್ತಾರೆ? ಗ್ರಂಥಾಲಯಕ್ಕೆ ಬಂದ ಪುಸ್ತಕಗಳನ್ನು ದಾಖಲಿಸುವ ಪರಿಗ್ರಹಣ ವಹಿಯಲ್ಲಿ ಪುಸ್ತಕದ ನಂಬರು ಇದೆ, ಲೆಕ್ಕಕ್ಕೆ ಪುಸ್ತಕವೂ ಇದೆ.

“ಆ ಪುಸ್ತಕ ಅದ ಏನ್ರಿ?”

“ಅದರಿ.”

“ಕೊಡ್ರಿ ಮತ್ತ.”

“ಚಾವಿ ಸಾಹೇಬ್ರ ಬಲ್ಲಿ ಅದರಿ. ಅವ್ರು ಬೀದರಕ್ಕ ಮೀಟಿಂಗಿಗಿ ಹೋಗ್ಯಾರ. ನಾಳಿ ಬರ್ರಿ.”

ನಾಳೆ ಮತ್ತೆ ಮೀಟಿಂಗು.

ಅಲ್ಮಾರಿ ತುಂಬಿ ಹೋಗಿದ್ದರೆ ಪುಸ್ತಕದ ಬೆನ್ನಿನ ಮೇಲಿನ ನಂಬರಿನ ಬಿಳಿ ಚೀಟಿಗೆ ಕೈ ಹಾಕಿ. ವಿಷಯಕ್ಕೆ ತಕ್ಕಂತೆ ಪುಸ್ತಕಕ್ಕೆ ನಂಬರು ಕೊಡುವ ಡ್ಯೂಯಿ ದಶಾಂಶ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯಕ್ಕೆ 894.814, ತಮಿಳಿಗೆ 894.811. ಕೊನೆಯ 4 ಅನ್ನು ಅಳಿಸಿ 1 ಮಾಡಿದರೆ ಸಾಕು, ಕಲಬುರಗಿಯ ಕಾದಂಬರಿ ಯಾರೂ ಹಾಯದ ತಮಿಳು ಸಾಲಿಗೆ ಗಡಿಪಾರು. ಗ್ರಂಥಾಲಯದಲ್ಲಿ ತಪ್ಪು ಜಾಗದಲ್ಲಿ ಕೂತ ಪುಸ್ತಕ ಕಳೆದ ಪುಸ್ತಕವೇ. ಹತ್ತು ಸಾವಿರದ ನಡುವೆ ಒಂದನ್ನು ಹುಡುಕಲು ಒಂದೊಂದೇ ಬೆನ್ನು ಓದುತ್ತಾ ಹೋಗಬೇಕು, ಅಷ್ಟು ಸಿಬ್ಬಂದಿ ಎಲ್ಲಿದ್ದಾರೆ? ಇದ್ದೊಬ್ಬ ಮೇಲ್ವಿಚಾರಕನೇ ಬಾಗಿಲು ತೆಗೆದು, ಕಸ ಹೊಡೆದು, ಪೇಪರು ಜೋಡಿಸಬೇಕು.

ಉಳಿದದ್ದನ್ನು ಗೆದ್ದಲಿಗೆ ಬಿಡಿ. ರ‍್ಯಾಕನ್ನು ಗೋಡೆಯಿಂದ ಒಂದು ಗೇಣು ದೂರ ಇಡಬೇಕು, ಕೆಳಗಿನ ಹಲಗೆ ನೆಲಕ್ಕೆ ತಾಗಬಾರದು ಅಂತ ಬಲ್ಲವರು ಹೇಳ್ತಾರೆ. ಕೇಳಬೇಡಿ. ಮಳೆಗಾಲಕ್ಕೆ ಗೋಡೆಗೆ ಒತ್ತಿಸಿಡಿ. ಗೆದ್ದಲು ಎಡ, ಬಲ ಅಂತ ಪಂಥ ನೋಡುವುದಿಲ್ಲ. ನಮ್ಮ ಕಡೆ ಪೂರ್ವಗ್ರಹವಿಲ್ಲದ ವಿಮರ್ಶಕ ಇದೊಂದೇ.

ಈ ಕೆಲಸದಲ್ಲಿ ನಮ್ಮ ಸೀಮೆಗೆ ಅನುಭವವೂ ಇದೆ. ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗಾವಾನ್ 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮದರಸಾದ ಗ್ರಂಥಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿ ಇದ್ದವಂತೆ. ಮುಂದೆ ಯಾರದೋ ಜಾಣತನಕ್ಕೆ ಅದೇ ಕಟ್ಟಡ ತೋಪಿನ ಮದ್ದಿನ ಉಗ್ರಾಣವಾಯಿತು, 1696ರಲ್ಲಿ ಸಿಡಿಯಿತು. ಮುಂಭಾಗದ ಎರಡು ಮಿನಾರಿನಲ್ಲಿ ಈಗ ಉಳಿದದ್ದು ಒಂದು. ಗ್ರಂಥಾಲಯದ ಕೋಣೆಯನ್ನು ‘ಸದ್ಯಕ್ಕೆ’ ಬೇರೆ ಸಾಮಾನಿಗೆ ಕೊಡುವ ಪದ್ಧತಿ ಇಂದಿಗೂ ನಿಂತಿಲ್ಲ. ಮದ್ದಿನ ಬದಲು ಪಂಚಾಯ್ತಿಯ ಮುರಿದ ಕುರ್ಚಿ, ಬ್ಲೀಚಿಂಗ್ ಪುಡಿಯ ಚೀಲ.

ದುಡ್ಡಿನ ದಾರಿಯೂ ಸಲೀಸು. ಮನೆ ತೆರಿಗೆ ರಶೀದಿ ತೆಗೆದು ನೋಡಿ, ನೂರು ರೂಪಾಯಿ ತೆರಿಗೆಗೆ ಆರು ರೂಪಾಯಿ ಗ್ರಂಥಾಲಯ ಕರ ಅಂತ ಬೇರೆ ಸಾಲೇ ಇರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪುಣ್ಯ. ವಸೂಲು ಮಾಡುವವರು ಸ್ಥಳೀಯ ಸಂಸ್ಥೆಯವರು, ಮುಟ್ಟಬೇಕಾದದ್ದು ಗ್ರಂಥಾಲಯಕ್ಕೆ. ನಡುವೆ ಅದು ಎಷ್ಟು ವರ್ಷ ವಿಶ್ರಾಂತಿ ತೆಗೆದುಕೊಂಡರೂ ಸೆನ್ಸಾರ್ ಅಂತ ಯಾರೂ ಕರೆಯುವುದಿಲ್ಲ.

ಆದರೆ ಎಲ್ಲಕ್ಕಿಂತ ಗಟ್ಟಿ ಕೀಲಿ ಭಯದ್ದು. ಕಳೆದ ಪುಸ್ತಕದ ಬೆಲೆಯನ್ನು ಗ್ರಂಥಪಾಲಕರ ಸಂಬಳದಲ್ಲಿ ಮುರಿಯುತ್ತೇವೆ ಅಂತ ಒಂದು ಸಲ ಹೇಳಿ ನೋಡಿ. ಮಾರನೇ ದಿನದಿಂದ ಅವರೇ ಎಲ್ಲ ಬಾಗಿಲಿಗೂ ಬೀಗ ಜಡಿಯುತ್ತಾರೆ. ತಪ್ಪು ಅವರದಲ್ಲ. ಸಾವಿರ ಜನ ಓದಿ ಹರಿದ ಪುಸ್ತಕಕ್ಕೆ ಆಡಿಟಿನಲ್ಲಿ ಆಕ್ಷೇಪಣೆ, ಯಾರೂ ಮುಟ್ಟದ್ದಕ್ಕೆ ‘ಸುಸ್ಥಿತಿಯಲ್ಲಿದೆ’ ಅಂತ ಷರಾ. ಪುಸ್ತಕ ಇರುವುದು ಬಳಕೆಗೆ ಅಂತ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲೇ ಮೊದಲ ಸೂತ್ರ ಬರೆದಿಟ್ಟರು. ಆಡಿಟ್ ತಂಡಕ್ಕೆ ಆ ಪ್ರತಿ ಇನ್ನೂ ತಲುಪಿಲ್ಲ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲೂ ಒಂದು ಅಪಾಯಕಾರಿ ಸಾಲಿದೆ: ವರ್ಷದಲ್ಲಿ ಓದಲು ಕೊಟ್ಟ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ, ಅಪ್ರಾಮಾಣಿಕತೆ ಇಲ್ಲವೇ ನಿರ್ಲಕ್ಷ್ಯ ಕಾರಣವಲ್ಲದಿದ್ದರೆ, ಅದು ಸಹಜ ನಷ್ಟ. ಇದನ್ನು ದಯವಿಟ್ಟು ಯಾವ ಗ್ರಂಥಪಾಲಕರಿಗೂ ಓದಿ ಹೇಳಬೇಡಿ, ಧೈರ್ಯ ಬಂದುಬಿಡುತ್ತದೆ.

ಧೈರ್ಯ ಬಂದವರು ಏನು ಮಾಡ್ತಾರೆ ಗೊತ್ತೇ? ಗುಂಪು ಕಟ್ಟಿಕೊಂಡು ಹೋದವರಿಗೆ ಕುರ್ಚಿ ಹಾಕಿ, ಚಹಾ ತರಿಸಿ, ಮುಂದೆ ಒಂದು ಹಾಳೆ ಇಡ್ತಾರೆ. ಪುಸ್ತಕದ ಹೆಸರು, ಲೇಖಕರು, ಆಕ್ಷೇಪ ಇರುವ ಪುಟ, ಸಾಲು. ಅಲ್ಲಿಯವರೆಗೆ ಫೋನಿನಲ್ಲಿ ಬಂದ ಫೋಟೋ ನೋಡಿ ತುಂಬಬಹುದು. ಕೊನೆಯ ಕಾಲಂ ಮಾತ್ರ ಬಲು ಕೆಟ್ಟದ್ದು: “ಪುಸ್ತಕ ಪೂರ್ತಿ ಓದಿದ್ದೀರಾ?” ಇಲ್ಲ ಅಂದರೆ, “ಓದಿ ಬರ್ರಿ ಸರ, ಹದಿನಾಲ್ಕು ದಿನಕ್ಕ ಕೊಡ್ತೀನಿ” ಅಂತ ಸದಸ್ಯತ್ವದ ಅರ್ಜಿ ಮುಂದಕ್ಕೆ ತಳ್ಳುತ್ತಾರೆ. ಎರಡು ಫೋಟೋ, ವಿಳಾಸದ ಪುರಾವೆ, ಠೇವಣಿ. ಹೋರಾಟಕ್ಕೆ ಬಂದವರು ಓದುಗರಾಗಿ ದಾಖಲಾಗುವುದು ಹೀಗೆ.

ಹಾಗೇನಾದರೂ ಪುಸ್ತಕ ಕೈಗೆ ಬಂದುಬಿಟ್ಟರೆ ಕೊನೆಯ ಎಚ್ಚರಿಕೆ: ಆ ಕೆಟ್ಟ ಪುಟವನ್ನು ಬಿಡಿಸಿ ಬಿಡಿಸಿ ಎಲ್ಲರಿಗೂ ತೋರಿಸಬೇಡಿ. ಈಗಿನ ಪುಸ್ತಕಗಳಿಗೆ ಹೊಲಿಗೆ ಇಲ್ಲ, ಬೆನ್ನಿಗೆ ಬರೀ ಅಂಟು. ನಮ್ಮ ಬಿಸಿಲಿಗೆ ಆ ಅಂಟು ಒಣಗಿ ಗಡುಸಾಗಿರುತ್ತದೆ. ಒಂದೇ ಜಾಗದಲ್ಲಿ ಹತ್ತು ಸಲ ಅಗಲಿಸಿದರೆ ಬೆನ್ನು ಅಲ್ಲೇ ಸೀಳುತ್ತದೆ. ಆಮೇಲೆ ಯಾರು ಪುಸ್ತಕ ತೆಗೆದು ಮೇಜಿನ ಮೇಲಿಟ್ಟರೂ ಅದು ತಾನಾಗಿಯೇ ಅದೇ ಪುಟಕ್ಕೆ ತೆರೆದುಕೊಳ್ಳುತ್ತದೆ.