ಎರಡು ಹಾರ್ಟ್ಸ್‌ಗೆ ಸಿಟ್ಟಿನ ಡಬಲ್

ಬ್ರಿಜ್ ಇಸ್ಪೀಟಾಟದ ಹರಾಜಿನಲ್ಲಿ ಎದುರಾಳಿಯ ಕೂಗಿಗೆ ‘ಡಬಲ್’ ಅಂದರೆ ಅದರ ಲಾಭ, ದಂಡ ಎರಡೂ ಹೆಚ್ಚುತ್ತವೆ. ಪುಸ್ತಕಗಳ ಪ್ರಕಾರ ಅದರಲ್ಲಿ ಮುಖ್ಯವಾಗಿ ಎರಡು ಬಗೆ: ಪಾರ್ಟ್ನರ್‌ನ ಸೂಟ್ ಕೇಳುವ ಟೇಕೌಟ್ ಮತ್ತು ಎದುರಾಳಿಯನ್ನು ಬೀಳಿಸಲೆಂದೇ ಹಾಕುವ ಪೆನಾಲ್ಟಿ. ಕ್ಲಬ್ಬುಗಳಲ್ಲಿ ಮೂರನೆಯದೂ ಚಾಲ್ತಿಯಲ್ಲಿದೆ, ಅದು ಸಿಟ್ಟಿನ ಡಬಲ್. ಹದಿನಾಲ್ಕು ಪಾಯಿಂಟ್ ಬೆಲೆಯ ದೊಡ್ಡ ಕಾರ್ಡುಗಳನ್ನು ಹಿಡಿದು ಜಂಬದಿಂದ ಕೂತವರ ಮುಂದೆ ಎದುರಾಳಿ ‘ಎರಡು ಹಾರ್ಟ್ಸ್’ (ಹಾರ್ಟ್ಸ್ ತುರುಫಾಗಿ ಆರರ ಮೇಲೆ ಎರಡು, ಒಟ್ಟು ಎಂಟು ಟ್ರಿಕ್, ಅಂದರೆ ಎಂಟು ಸುತ್ತು ಗೆಲ್ಲುತ್ತೇನೆ) ಅಂದರೆ ಸಾಕು, ‘ನಾನಿರುವಾಗ ಇವನಿಗೆಷ್ಟು ಧೈರ್ಯ!’ ಎಂದು ಬಿಡ್ಡಿಂಗ್ ಬಾಕ್ಸಿನಿಂದ ಡಬಲ್‌ನ ಕೆಂಪು ಕಾರ್ಡು ಟಪ್ಪನೆ ಬೀಳುತ್ತದೆ. ಐದಾರು ನಿಮಿಷ ಕಳೆದ ಮೇಲೆ ಸ್ಕೋರ್ ಬರೆಯುವ ನಾರ್ತ್ (ಉತ್ತರ ದಿಕ್ಕಿನ ಆಟಗಾರರು) ‘ಆರುನೂರಾ ಎಪ್ಪತ್ತು ತಾನೇ?’ ಎಂದು ಮೆಲ್ಲಗೆ ಕೇಳುತ್ತಾರೆ. ಮೆಲ್ಲಗೆ ಕೇಳಿದರೂ ಪಕ್ಕದ ಟೇಬಲ್ಲಿಗೆ ಕೇಳಿಸುತ್ತದೆ.

670 ಬಂದ ದಾರಿ ನೋಡಿ. ಹಾರ್ಟ್ಸ್‌ನಲ್ಲಿ ಟ್ರಿಕ್‌ಗೆ 30, ಎರಡಕ್ಕೆ 60, ಡಬಲ್ ಆದರೆ 120. ನೂರು ಮುಟ್ಟಿದರೆ ‘ಗೇಮ್’, ಅದಕ್ಕೆ ದೊಡ್ಡ ಬೋನಸ್. ಇಲ್ಲಿ ನೂರು ದಾಟಿತು, ಅಂದರೆ ಅವರು ಕೇಳದ ಗೇಮನ್ನು ನಾವೇ ಕರೆದು ಕೊಟ್ಟ ಹಾಗಾಯಿತು. ಅವರು ವಲ್ನರಬಲ್ (ಆ ಕೈಯಲ್ಲಿ ಬೋನಸ್, ದಂಡ ಎರಡೂ ಹೆಚ್ಚಿರುವ ಕಡೆಯವರು) ಆಗಿದ್ದರೆ ಗೇಮ್ ಬೋನಸ್ 500, ಜೊತೆಗೆ ಡಬಲ್ ಮಾಡಿಸಿಕೊಂಡೂ ಗೆದ್ದದ್ದಕ್ಕೆ 50. ಡಬಲ್ ಮಾಡದೆ ಸುಮ್ಮನಿದ್ದರೆ ಅವರಿಗೆ ಬರುತ್ತಿದ್ದದ್ದು 110. ಈಗ ಇನ್ನೊಂದು ಮಗ್ಗುಲು: ಅವರು ಒಂದು ಟ್ರಿಕ್ ಸೋತರೆ ನಮಗೆ 100ರ ಬದಲು 200. ನಾವು ಗೆದ್ದರೆ ಸಿಗುವ ಹೆಚ್ಚುವರಿ 100, ಸೋತರೆ ಕಳೆದುಕೊಳ್ಳುವ ಹೆಚ್ಚುವರಿ 560. ವಲ್ನರಬಲ್ ಅಲ್ಲದಾಗ ಅನುಪಾತ ಇನ್ನೂ ಕೆಟ್ಟದು: 50ರ ಆಸೆಗೆ 360. ಮಾರ್ವಾಡಿ ಲೆಕ್ಕ ಬೇಡ, ತರಕಾರಿ ಚೌಕಾಸಿ ಮಾಡುವಷ್ಟು ಲೆಕ್ಕ ಬಂದರೂ ಯಾರೂ ಒಪ್ಪದ ವ್ಯಾಪಾರ. ಹಾಗಾಗಿ ಅಂತರ ಎಷ್ಟೆಂಬುದು ಲೆಕ್ಕಕ್ಕೆ ಬರುವ ಟೀಮ್ ಆಟದಲ್ಲಿ ಎರಡು ಟ್ರಿಕ್ಕಾದರೂ ಬೀಳಿಸುತ್ತೇವೆಂಬ ನಂಬಿಕೆ ಇಲ್ಲದೆ ಕೆಂಪು ಕಾರ್ಡು ಮುಟ್ಟಬಾರದು. ಬೇರೆ ಜೋಡಿಗಳಿಗಿಂತ ಚೂರು ಹೆಚ್ಚು ಗಳಿಸಿದರೂ ಸಾಕಾಗುವ ಪೇರ್ಸ್‌ನಲ್ಲಿ ಮಾತ್ರ ವಲ್ನರಬಲ್ ಎದುರಾಳಿಯ ಒಂದೇ ಟ್ರಿಕ್ ಬಿದ್ದರೂ ಬರುವ 200ಕ್ಕೆ ಬೆಲೆಯಿದೆ. ನಮ್ಮದೇ ಪಾರ್ಟ್‌ಸ್ಕೋರ್ (ಗೇಮ್ ಮುಟ್ಟದ ಆಟ) ಆಡಿ ಗಳಿಸಬಹುದಾಗಿದ್ದ 110, 140 ಎಲ್ಲವನ್ನೂ ಅದು ಮೀರುತ್ತದೆ.

ಎರಡು ಡೈಮಂಡ್ಸ್ ಡಬಲ್‌ನ ಕಥೆ ಬೇರೆ. ಟ್ರಿಕ್‌ಗೆ 20ರಂತೆ 40, ಅದರ ಇಮ್ಮಡಿ 80, ಗೇಮ್ ಆಗುವುದಿಲ್ಲ. ಗೆದ್ದರೂ 180 ಅಷ್ಟೇ. ಸಿಟ್ಟು ತೀರಿಸಿಕೊಳ್ಳಲೇಬೇಕು ಎನ್ನುವವರು ಮೈನರ್ ಸೂಟ್‌ಗಳ (ಡೈಮಂಡ್ಸ್, ಕ್ಲಬ್ಸ್) ಮೇಲೆ ತೀರಿಸಿಕೊಳ್ಳಲಿ.

ಎದುರಾಳಿಯನ್ನು ಬೀಳಿಸುವುದು ಪಾಯಿಂಟ್‌ಗಳಲ್ಲ, ತುರುಫುಗಳು. ಪಾರ್ಟ್ನರ್ ಒಂದು ಸ್ಪೇಡ್ ತೆರೆದರು, ಬಲಗಡೆಯವರು ಎರಡು ಹಾರ್ಟ್ಸ್ ಅಂದರು. ನಿಮ್ಮ ಕೈಯಲ್ಲಿ ಸ್ಪೇಡ್ 4 ಒಂದೇ. ಹಾರ್ಟ್ಸ್ ರಾಣಿ, ಗುಲಾಮ, 10, 9, 2. ಡೈಮಂಡ್ಸ್ ಎಕ್ಕ, 7, 4. ಕ್ಲಬ್ಸ್ ರಾಜ, 9, 6, 3. ಪಾಯಿಂಟ್ ಹತ್ತೇ, ಆದರೆ ಐದು ತುರುಫು ಡಿಕ್ಲೇರರ್‌ನ (ಹರಾಜು ಗೆದ್ದು ಆಡುವವನ) ಬೆನ್ನ ಹಿಂದೆ ಕೂತಿವೆ. ಪಾರ್ಟ್ನರ್‌ನ ಐದು ಸ್ಪೇಡ್, ನಿಮ್ಮದೊಂದು, ಒಟ್ಟು ಆರು. ಅಂದರೆ ಎದುರಾಳಿಗಳ ಬಳಿ ಏಳು. ಪಾರ್ಟ್ನರ್‌ನ ಎಕ್ಕ, ರಾಜ ಎರಡೂ ಟ್ರಿಕ್ ಗೆಲ್ಲುವ ಸಂಭವ ಚೆನ್ನಾಗಿದೆ. ಅದೇ ಹತ್ತು ಪಾಯಿಂಟ್‌ಗೆ ಮೂರು ಸ್ಪೇಡ್, ಮೂರು ಪುಡಿ ಹಾರ್ಟ್ಸ್ ಇದ್ದರೆ? ಎದುರಾಳಿಗಳ ಬಳಿ ಸ್ಪೇಡ್ ಐದೇ, ಬಹುಪಾಲು ಮೂರು-ಎರಡಾಗಿ ಹಂಚಿರುತ್ತವೆ. ಮೂರನೆಯ ಸುತ್ತಿಗೆಲ್ಲ ಒಬ್ಬರು ತುರುಫು ಹೊಡೆಯುತ್ತಾರೆ. ಪಾರ್ಟ್ನರ್‌ನ ಸೂಟ್ ನಿಮಗೆ ಹೊಂದಿದಷ್ಟೂ ಡಬಲ್ ಕೆಡುತ್ತದೆ. ಹೊಂದಿದರೆ ನೀವೇ ಆಡಿ.

ಇನ್ನು ಆ ಒಳ್ಳೆಯ ಕೈ ಬಂದಾಗಲೂ ಕೂಡಲೇ ಡಬಲ್ ಅನ್ನುವಂತಿಲ್ಲ. 1957ರಲ್ಲಿ ಅಮೆರಿಕದ ಆಟಗಾರ ಆಲ್ವಿನ್ ರಾತ್ ನೆಗೆಟಿವ್ ಡಬಲ್ ಬಳಕೆಗೆ ತಂದಾಗಿನಿಂದ, ಈ ಜಾಗದ ಡಬಲ್‌ಗೆ ‘ಉಳಿದ ಸೂಟ್‌ಗಳು ನನ್ನಲ್ಲಿವೆ’ ಎಂಬ ಅರ್ಥ. ಆ ವರ್ಷ ಸ್ಪುಟ್ನಿಕ್ ಉಪಗ್ರಹ ಹಾರಿತ್ತು, ಡಬಲ್‌ಗೂ ಅದೇ ಹೆಸರು ಅಂಟಿತು. ಅದನ್ನು ಒಪ್ಪಿಕೊಂಡಿದ್ದರೆ ನೀವು ಮಾಡಬೇಕಾದ್ದು ಪಾಸ್. ಎಡಗಡೆಯವರೂ ಪಾಸ್ ಅಂದರೆ, ಹಾರ್ಟ್ಸ್ ಕಡಿಮೆ ಇರುವ ಪಾರ್ಟ್ನರ್ ಸಾಧಾರಣ ಕೈಯಲ್ಲೂ ಡಬಲ್ ಮಾಡಿ ಹರಾಜನ್ನು ಮತ್ತೆ ತೆರೆಯುತ್ತಾರೆ, ನೀವು ಮತ್ತೊಮ್ಮೆ ಪಾಸ್ ಅನ್ನುತ್ತೀರಿ. ಕೆಂಪು ಕಾರ್ಡು ಅವರದು, ಬೇಟೆ ನಿಮ್ಮದು. ತೊಂದರೆ ಇರುವುದು ಆ ಮೊದಲ ಪಾಸ್‌ನಲ್ಲಿ. ಐದು ತುರುಫು ಕಂಡ ಮನುಷ್ಯ ಉಸಿರು ಬಿಗಿಹಿಡಿದು, ಫ್ಯಾನು ನೋಡಿ, ಕಾರ್ಡು ಎರಡು ಸಲ ಜೋಡಿಸಿಕೊಂಡು ಆಮೇಲೆ ಪಾಸ್ ಹಾಕಿದರೆ, ಡೈರೆಕ್ಟರನ್ನು (ತೀರ್ಪುಗಾರರನ್ನು) ಕರೆಯಲು ಎದುರಾಳಿಯ ಕೈ ಆಗಲೇ ಮೇಲೆದ್ದಿರುತ್ತದೆ. ನಿಮ್ಮ ತಡವರಿಕೆಯಿಂದ ಸಿಕ್ಕ ಸುಳಿವನ್ನು ಪಾರ್ಟ್ನರ್ ಬಳಸುವಂತಿಲ್ಲ, ಅವರ ಡಬಲ್ ಆ ಸುಳಿವಿನಿಂದ ಬಂತು ಅನಿಸಿದರೆ ಸ್ಕೋರ್ ತಿದ್ದುತ್ತಾರೆ. ಬಂಗಾರದಂಥ ಕೈಯನ್ನು ಮುಖವೇ ಮಾರಿಬಿಡುತ್ತದೆ.

ಡಬಲ್ ಉಳಿದುಕೊಂಡಿತು, ಲೀಡ್ (ಮೊದಲ ಕಾರ್ಡು) ನಿಮ್ಮದು. ಒಂಟಿ ಸ್ಪೇಡ್ ಕಡೆಗೆ ಬೆರಳು ಹೋಗುತ್ತದೆ, ತಡೆಯಿರಿ. ಉಳಿದ ಸೂಟ್‌ಗಳ ದೊಡ್ಡ ಕಾರ್ಡುಗಳು ನಿಮ್ಮಿಬ್ಬರ ಕಡೆಯೇ ಹೆಚ್ಚಿರುವಾಗ, ಡಿಕ್ಲೇರರ್ ಬದುಕುವುದು ಪುಡಿ ತುರುಫುಗಳಿಂದ ಅಲ್ಲಿಲ್ಲಿ ಹೊಡೆದು. ಹಾರ್ಟ್ಸ್ ರಾಣಿಯನ್ನೇ ಹಾಕಿ. ಕೈ ಸಿಕ್ಕಾಗಲೆಲ್ಲ ಮತ್ತೆ ತುರುಫು. ಐದು ತುರುಫು ಇಟ್ಟುಕೊಂಡು ಡಮ್ಮಿಗೆ (ಡಿಕ್ಲೇರರ್‌ನ ಪಾರ್ಟ್ನರ್ ತೆರೆದಿಟ್ಟ ಕೈಗೆ) ಬೇಕಾದಷ್ಟು ಹೊಡೆಯಲು ಬಿಟ್ಟವರು ಪಾರ್ಟ್ನರ್‌ಗೆ ಕಾಫಿ ಕೊಡಿಸುವುದು ವಾಡಿಕೆ.

ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಳ್ಳುವ ಡಬಲ್‌ಗಳೂ ಉಂಟು. ನಾಲ್ಕು ತುರುಫಿದೆ, ಅದರಲ್ಲಿ ರಾಣಿ ಇದೆ ಎಂದು ಗಟ್ಟಿಯಾಗಿ ಸಾರಿದರೆ, ಇಲ್ಲದಿದ್ದರೆ ಮೇಲಿಂದ ಎಕ್ಕ, ರಾಜ ಹೊಡೆಯುತ್ತಿದ್ದ ಡಿಕ್ಲೇರರ್ ಈಗ ನಿಮ್ಮ ರಾಣಿಯನ್ನು ಹುಡುಕಿಕೊಂಡು ಬರುತ್ತಾನೆ. ಎರಡು ಕ್ಲಬ್ಸ್‌ಗೆ ಡಬಲ್ ಬಿದ್ದರೆ ಎದುರಾಳಿ ಎರಡು ಹಾರ್ಟ್ಸ್‌ಗೆ ಓಡಬಹುದು. ಅಲ್ಲೂ ಡಬಲ್ ಮಾಡುವ ತಾಕತ್ತು ನಿಮ್ಮಿಬ್ಬರಲ್ಲೊಬ್ಬರಿಗೆ ಇಲ್ಲದಿದ್ದರೆ, ಕೆಟ್ಟ ಜಾಗದಿಂದ ಒಳ್ಳೆಯ ಜಾಗಕ್ಕೆ ನೀವೇ ದಾರಿ ತೋರಿಸಿದಿರಿ.

ಓಡದೆ ನೀಲಿ ಕಾರ್ಡು, ಅಂದರೆ ಡಬಲ್ ಮೇಲೆ ಮತ್ತೆ ಡಬಲ್ ಹಾಕುವ ರಿಡಬಲ್, ಬಂತೆನ್ನಿ. ಒಂದು ಹಾರ್ಟ್ ರಿಡಬಲ್ ಆಗಿ, ಅವರು ವಲ್ನರಬಲ್ ಇದ್ದು ಏಳು ಟ್ರಿಕ್ ಮಾಡಿದರೆ 120, 500, 100 ಸೇರಿ 720. ಎಂಟನೆಯ ಟ್ರಿಕ್ಕೂ ಸಿಕ್ಕರೆ ಮೇಲೆ ಇನ್ನೊಂದು 400. ಇಂಥ ಹೊತ್ತಲ್ಲಿ ನಮ್ಮ ಕಡೆಗೆ ಎಲ್ಲಾದರೂ ಐದು ಕಾರ್ಡಿನ ಸೂಟ್ ಇದ್ದರೆ ಮರ್ಯಾದೆ ನೋಡದೆ ಓಡಬೇಕು. ಡಬಲ್ ಮಾಡಿದವರು ಸಾಮಾನ್ಯವಾಗಿ ಓಡುವುದಿಲ್ಲ, ಸಿಟ್ಟು ಇನ್ನೂ ಇಳಿದಿರುವುದಿಲ್ಲವಲ್ಲ.